ಮಾವನ ಮೈಕು, ಅಳಿಯನ ಕರ್ಪೂರ

ಬೈಲಪಾಳ್ಯಕ್ಕೆ ಬಂದು ನರಸಿಂಹಯ್ಯನ ಮನೆ ಯಾವುದೆಂದು ಕೇಳಿದರೆ ನಿಮಗೆ ದಾರಿ ಸಿಗುವುದಿಲ್ಲ. ಆ ಹೆಸರಿನವರು ಬೀದಿಗೊಬ್ಬರಿದ್ದಾರೆ. ಮೈಕ್ ನರಸಿಂಹಯ್ಯ ಎನ್ನಿ, ಟೀ ಅಂಗಡಿಯವನು ಹಾಲಿನ ಪಾತ್ರೆಯನ್ನು ಹಾಗೇ ಒಲೆಯ ಮೇಲೆ ಬಿಟ್ಟು ರಸ್ತೆಗೆ ಬಂದು ಕೈ ತೋರಿಸುತ್ತಾನೆ. ನಾಗಸಂದ್ರದಲ್ಲಿ ಮೆಟ್ರೊ ಇಳಿದು ಒಳಕ್ಕೆ ನಡೆದರೆ ಸಿಗುವ ಈ ಊರು ಈಗ ಊರಾಗಿ ಉಳಿದಿಲ್ಲ. ಬಡಾವಣೆಗಳ ನಡುವೆ ಸಿಕ್ಕಿಹಾಕಿಕೊಂಡ ನಾಲ್ಕು ಬೀದಿ ಅಷ್ಟೇ. ಆದರೂ ಹಳಬರು ಊರು ಎಂದೇ ಅನ್ನುತ್ತಾರೆ, ನಾವೂ ಹಾಗೇ ಅನ್ನೋಣ.

ನರಸಿಂಹಯ್ಯ ಮೀಸೆ ಮೂಡಿದಾಗಿನಿಂದ ಪೀಣ್ಯದ ಒಂದು ಪ್ರೆಸ್ ಶಾಪಿನಲ್ಲಿ ಕೆಲಸಕ್ಕಿರುವವನು. ತಗಡನ್ನು ಧಡ್ ಧಡ್ ಎಂದು ಕತ್ತರಿಸುವ ಯಂತ್ರಗಳ ನಡುವೆ ಪಕ್ಕದವನಿಗೆ ‘ನೀರು ಕೊಡು’ ಎನ್ನಬೇಕಾದರೂ ಗಂಟಲು ಹರಿಯುವಂತೆ ಕೂಗಬೇಕು. ಹಾಗೆ ಕೂಗಿ ಕೂಗಿ ಬೆಳೆದ ದನಿ ಅವನದು. ಮನೆಯಲ್ಲಿ ಊಟಕ್ಕೆ ಕೂತು ಉಪ್ಪು ಕೇಳಿದರೆ ಬಾಡಿಗೆಮನೆಯವರು ಏನಾಯಿತೆಂದು ಬಾಗಿಲಿಗೆ ಬರುತ್ತಿದ್ದರು. ಒಂದು ವರ್ಷ ಊರಿನ ಕಬಡ್ಡಿ ಪಂದ್ಯದ ದಿನ ಮೈಕಿನವನು ಕುಡಿದು ಮಲಗಿಬಿಟ್ಟ. ಯಾರೋ ತಮಾಷೆಗೆ, “ನರಸಿಂಹಯ್ಯನ್ನ ನಿಲ್ಸ್ರಪ್ಪಾ, ಕರೆಂಟ್ ಹೋದ್ರೂ ನಡೀತದೆ” ಎಂದರು. ನಿಲ್ಲಿಸಿದರು. ಅವತ್ತು ಹಿಡಿದ ಮೈಕನ್ನು ಅವನು ಇಂದಿಗೂ ಬಿಟ್ಟಿಲ್ಲ.

ಅವನ ಕಾಮೆಂಟರಿ ಕೇಳಬೇಕು ನೀವು. ಎದುರಾಳಿಯ ಅಂಕಣಕ್ಕೆ ರೈಡಿಗೆ ಬಂದ ಹುಡುಗ ಹೆದರಿ ಗೆರೆಯ ಹತ್ತಿರವೇ ಸುಳಿದಾಡುತ್ತಿದ್ದರೆ, “ನೋಡ್ರಪ್ಪಾ, ಸಾಲ ಕೇಳಕ್ಕೆ ಬಂದಿರೋ ನೆಂಟನಂಗೆ ಬಾಗಿಲಲ್ಲೇ ನಿಂತವ್ನೆ, ಒಳಗೂ ಬರಂಗಿಲ್ಲ, ಆಚೆಗೂ ಹೋಗಂಗಿಲ್ಲ!” ಎನ್ನುತ್ತಾನೆ. ಜನ ಆಟ ನೋಡಲು ಅರ್ಧ, ಅವನ ಮಾತು ಕೇಳಲು ಅರ್ಧ ಬರುತ್ತಾರೆ. ಲೇವಡಿ ಮಾಡುತ್ತಾನೆ, ಆದರೆ ಸುಳ್ಳು ಹೇಳುವುದಿಲ್ಲ. ತನ್ನೂರಿನವನು ಔಟಾದರೂ ಔಟೇ. ಕಣ್ಣು ಕಂಡದ್ದನ್ನು ನಾಲಿಗೆ ಆಡಿಬಿಡುತ್ತದೆ, ಮಧ್ಯೆ ಮಿದುಳಿಗೆ ಕೆಲಸವೇ ಇಲ್ಲ ಎಂದು ಅವನ ಹೆಂಡತಿ ವಸಂತಮ್ಮನ ಅಂಬೋಣ. ಆ ಹೆಂಗಸು ಅದನ್ನು ಹೊಗಳಿಕೆಯಾಗಿ ಹೇಳಿದ್ದಲ್ಲ.

ತುಮಕೂರು ರಸ್ತೆಯ ಆಚೆ ಬದಿಗೆ ಕೊಂಡಸಂದ್ರ. ಎರಡೂ ಊರಿಗೆ ಅಜ್ಜಂದಿರ ಕಾಲದಿಂದ ಎಣ್ಣೆ ಸೀಗೇಕಾಯಿ ಸಂಬಂಧ. ಹಿಂದೆ ಜಗಳಕ್ಕೆ ಕೆರೆಯ ನೀರಿತ್ತು, ಗೋಮಾಳವಿತ್ತು, ದನ ನುಗ್ಗಿದ ಹೊಲವಿತ್ತು. ಅವೆಲ್ಲ ಕಾರ್ಖಾನೆಗಳ ಪಾಲಾದ ಮೇಲೆ ಜಗಳವಾಡಲು ಉಳಿದದ್ದು ಕಬಡ್ಡಿ ಒಂದೇ. ಪ್ರತಿ ರಾಜ್ಯೋತ್ಸವಕ್ಕೆ ಬೈಲಪಾಳ್ಯದ ಮೈದಾನದಲ್ಲಿ ಪಂದ್ಯಾವಳಿ. ಎಲ್ಲೆಲ್ಲಿಯ ತಂಡಗಳು ಬಂದರೂ ಕೊನೆಗೆ ಎದುರುಬದುರಾಗುವವು ಇವೆರಡೇ. ಒಂದು ವರ್ಷ ಹಟಕ್ಕೆ ಬಿದ್ದು ಎರಡೂ ಕಡೆಯವರು ದುಡ್ಡು ಸುರಿದು ಹೊರಗಿನ ವೃತ್ತಿ ಆಟಗಾರರನ್ನು ಕರೆಸಿದ್ದರು. ಆಟವೇನೋ ಟಿವಿಯಲ್ಲಿ ಬಂದಂತೆ ಬಂತು, ಆದರೆ ಬೈಯಲು ಪರಿಚಯದ ಮುಖ ಒಂದೂ ಇಲ್ಲದೆ ಜನ ಅರ್ಧಕ್ಕೇ ಎದ್ದು ಹೋದರು. ಆಮೇಲೆ ಊರ ಹುಡುಗರೇ ಆಡಬೇಕೆಂದು ತೀರ್ಮಾನವಾಯಿತು.

ಜಗಳವಿದ್ದ ಮಾತ್ರಕ್ಕೆ ಹೆಣ್ಣು ಕೊಟ್ಟು ತರುವುದು ನಿಲ್ಲುತ್ತದೆಯೇ? ನರಸಿಂಹಯ್ಯ ತನ್ನ ಮಗಳು ಮಂಜುಶ್ರೀಯನ್ನು ಕೊಂಡಸಂದ್ರದ ಚಿಕ್ಕಬೈರಪ್ಪನ ಮಗ ಪ್ರಸನ್ನನಿಗೆ ಕೊಟ್ಟಿದ್ದ. ಪ್ರಸನ್ನ ಪೀಣ್ಯದಲ್ಲೇ ಸಿಎನ್‌ಸಿ ಯಂತ್ರದ ಆಪರೇಟರು. ಒಳ್ಳೆಯ ಹುಡುಗ, ಮಾತು ಕಡಿಮೆ. ಕೊಂಡಸಂದ್ರ ತಂಡದ ನಾಯಕ, ಎಡ ಮೂಲೆಯಲ್ಲಿ ನಿಂತು ರೈಡರುಗಳ ಪಾದಕ್ಕೆ ಬೀಳುವವನು. ಅವನ ಕೈಗೆ ಕಾಲು ಸಿಕ್ಕರೆ ಮುಗಿಯಿತು. ಇತ್ತ ಬೈಲಪಾಳ್ಯದ ನಾಯಕ, ಮುಖ್ಯ ರೈಡರು, ನರಸಿಂಹಯ್ಯನ ಮಗ ಲಿಖಿತ್. ಅಂದರೆ ಬಾವ ಬಾಮೈದ ವರ್ಷಕ್ಕೊಮ್ಮೆ ಕಾಲು ಹಿಡಿದು ಎಳೆದಾಡುವುದು, ಅಪ್ಪ ಅದನ್ನು ಊರಿಗೆಲ್ಲ ಸಾರುವುದು. ನಗುವವರಿಗೆ ಇದಕ್ಕಿಂತ ಬೇಕೇ?

ಕಳೆದ ವರ್ಷ ಎಡವಟ್ಟಾದದ್ದು ಹೀಗೆ. ಲಿಖಿತನ ಕಾಲಿಗೆ ಬೀಳಲು ಹೋದ ಪ್ರಸನ್ನ ಕೆಸರಲ್ಲಿ ಜಾರಿ ಉದ್ದುದ್ದ ಬಿದ್ದ, ಮುಖ ಮಣ್ಣಿಗೆ, ಕೈಯೆರಡೂ ಮುಂದಕ್ಕೆ. ಮೇಜಿನ ಹಿಂದಿದ್ದ ನರಸಿಂಹಯ್ಯನ ಕಣ್ಣು ಕಂಡಿತು, ನಾಲಿಗೆ ಆಡಿತು. “ನೋಡ್ರಪ್ಪಾ ನೋಡ್ರಿ! ಅಳಿಯಂದ್ರು ಮಾವನೂರಿನ ಮಣ್ಣಿಗೆ ಸಾಷ್ಟಾಂಗ ನಮಸ್ಕಾರ ಹಾಕ್ತಾವ್ರೆ! ಯಾರಾದ್ರೂ ಆಶೀರ್ವಾದ ಮಾಡ್ರಪ್ಪಾ!” ಮೈದಾನಕ್ಕೆ ಮೈದಾನವೇ ನಕ್ಕಿತು, ಕೊಂಡಸಂದ್ರದವರೂ ನಕ್ಕರು. ಅಲ್ಲಿಗೇ ಮುಗಿದಿದ್ದರೆ ಸರಿ. ಯಾವನೋ ಪುಣ್ಯಾತ್ಮ ಅದನ್ನು ಮೊಬೈಲಿನಲ್ಲಿ ಹಿಡಿದು ಹಾಡು ಸೇರಿಸಿ ಹರಿಯಬಿಟ್ಟ. ಪ್ರಸನ್ನನ ಕಾರ್ಖಾನೆಯಲ್ಲಿ ಹುಡುಗರು ಅವನನ್ನು ‘ಸಾಷ್ಟಾಂಗ’ ಎಂದೇ ಕರೆಯತೊಡಗಿದರು. ಊಟದ ಡಬ್ಬಿ ಬಿಚ್ಚಿದರೆ ಸಾಷ್ಟಾಂಗ, ಶಿಫ್ಟು ಬಿಟ್ಟರೆ ಸಾಷ್ಟಾಂಗ. ಪ್ರಸನ್ನ ಒಂದು ವಾರ ಸಹಿಸಿದ. ಆಮೇಲೆ ಒಂದು ಸಂಜೆ ತನ್ನೂರಿನ ಮುನೇಶ್ವರನ ಮುಂದೆ, ತಂಡದ ಹುಡುಗರೆಲ್ಲ ನೋಡುತ್ತಿರುವಾಗ, ಕರ್ಪೂರ ಹಚ್ಚಿ ಆಣೆ ಮಾಡಿದ. ಆ ಮೈದಾನದಲ್ಲಿ ಬೈಲಪಾಳ್ಯವನ್ನು ಸೋಲಿಸುವವರೆಗೆ ಮಾವನ ಮನೆಯ ಹೊಸಿಲನ್ನು ತಾನೂ ತುಳಿಯುವುದಿಲ್ಲ, ತನ್ನ ಹೆಂಡತಿಯೂ ತುಳಿಯುವುದಿಲ್ಲ.

ಕೋಪದಲ್ಲಿ ಕುಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ? ಯುಗಾದಿಯ ಹೊತ್ತಿಗೆ ಮಂಜುಶ್ರೀ ಬಸುರಿ ಎಂದು ಸುದ್ದಿ ಬಂತು. ವಸಂತಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿ, ಹಾಗೇ ಅಲ್ಲೇ ಕುಸಿದು ಕೂತಳು. ಚೊಚ್ಚಲ ಹೆರಿಗೆ, ಬಾಣಂತನ ತವರಿನಲ್ಲಾಗಬೇಕು. ಆ ಮನೆಯಲ್ಲಾದರೂ ಅತ್ತೆ ಎನ್ನುವವಳು ಇದ್ದಾಳೆಯೇ ಎಂದರೆ, ಪ್ರಸನ್ನನ ತಾಯಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಗಂಡಸರಿಬ್ಬರ ಮನೆ. ಹಸಿ ಬಾಣಂತಿಗೆ ನೀರು ಹಾಕುವವರು ಯಾರು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುವವರು ಯಾರು? ವಸಂತಮ್ಮ ಮಾನ ಬಿಟ್ಟು ತಾನೇ ಹೋಗಿ ಬೀಗರ ಮನೆಯಲ್ಲಿ ಇರುತ್ತೇನೆಂದಳು. ಹೆಣ್ಣು ಕೊಟ್ಟವರು ನಮ್ಮ ಮನೆಯಲ್ಲಿ ಬಂದು ಕೂತರೆ ಜನ ಏನಂದಾರು ಎಂದು ಚಿಕ್ಕಬೈರಪ್ಪ ಒಪ್ಪಲಿಲ್ಲ.

ತಪ್ಪುಕಾಣಿಕೆ ಕಟ್ಟಿ ಆಣೆ ಬಿಡಿಸಿಕೊಳ್ಳಿ ಎಂದು ಹೇಳಿದವರೂ ಇದ್ದರು. ಚಿಕ್ಕಬೈರಪ್ಪ ಅದಕ್ಕೂ ಆಗದೆಂದು ತಲೆಯಾಡಿಸಿದ. “ಮುನೇಶ್ವರ ಅಂದ್ರೆ ಬ್ಯಾಂಕಾ ದಂಡ ಕಟ್ಟಿ ಬರಕ್ಕೆ? ನಾವೇನೋ ಕಟ್ಬುಡ್ತೀವಿ. ನಾಳೆ ಉಟ್ಟೋ ಕೂಸಿನ ಮ್ಯಾಲೆ ಬಂದ್ರೆ ಯಾರು ಒಣೆ?” ಮಂಜುಶ್ರೀ ಬಿಲ್ಲಿಂಗ್ ಕೆಲಸಕ್ಕೆ ಹೋಗುತ್ತಿದ್ದವಳು, ಕಂಪ್ಯೂಟರ್ ಓದಿದವಳು. ಅವಳೇ ಫೋನಿನಲ್ಲಿ ಅಮ್ಮನಿಗೆ, “ನಂಗೆ ಇದ್ರಲ್ಲೆಲ್ಲ ನಂಬಿಕೆ ಇಲ್ಲ ಅಮ್ಮ. ಆದ್ರೆ ಹೊಟ್ಟೇಲಿ ಮಗು ಇಟ್ಕೊಂಡು ಪರೀಕ್ಷೆ ಮಾಡಿ ನೋಡೋ ಧೈರ್ಯಾನೂ ಇಲ್ಲ” ಎಂದಳು.

ಸೀಮಂತ ಗಂಡನ ಮನೆಯಲ್ಲೇ ಆಯಿತು. ವಸಂತಮ್ಮ ಬಳೆ, ಹೂವು, ಹಣ್ಣು ಹೊತ್ತು ಹೋದಳು. ನರಸಿಂಹಯ್ಯನನ್ನು ಯಾರೂ ಬಾ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಅವನು ನಾಗಸಂದ್ರ ಮೆಟ್ರೊ ನಿಲ್ದಾಣದವರೆಗೆ ಹೆಂಡತಿಯ ಜೊತೆ ನಡೆದು, ಅವಳು ರಸ್ತೆ ದಾಟಿ ಮರೆಯಾಗುವುದನ್ನು ನೋಡಿ, ಮೆಟ್ಟಿಲ ಕೆಳಗೆ ಕೂತ. ಅವಳು ವಾಪಸು ಬರುವವರೆಗೂ ಅಲ್ಲೇ ಕೂತಿದ್ದ. ‘ಹೆಂಗಿದ್ದಾಳೆ’ ಎಂದು ಕೇಳಲು ಬಾಯಿ ತೆರೆದರೆ, ವಸಂತಮ್ಮ, “ನಿಮ್ಮ ನಾಲಿಗೆಗೊಂದು ಬೀಗ ಇದ್ದಿದ್ರೆ ನೀವೇ ನೋಡ್ಬೋದಿತ್ತು” ಎಂದಳು. ಅಷ್ಟು ಹೇಳಿ ಅವಳೇ ಅತ್ತಳು.

ಅವನು ಸುಮ್ಮನೆ ಕೂತವನಲ್ಲ. ಒಂದು ದಿನ ಪ್ರಸನ್ನನ ಕಾರ್ಖಾನೆಯ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಕಾದು ನಿಂತ. ಅಳಿಯ ಬಂದ. ಮಾವನನ್ನು ಕಂಡು ಮುಖ ತಿರುಗಿಸಲಿಲ್ಲ, ತಾನೇ ಎರಡು ಟೀ ಹೇಳಿದ.

“ತಪ್ಪಾಯ್ತು ಅಳಿಯಂದ್ರೇ. ಬಾಯಿ ಜಾರ್ತು.”

“ನಿಮ್ಮ ಮೇಲೆ ಕೋಪ ಹೋಗಿ ಎಷ್ಟೋ ದಿನ ಆಯ್ತು ಮಾವ,” ಎಂದ ಪ್ರಸನ್ನ. ಟೀಯ ಲೋಟವನ್ನು ಬೆರಳಲ್ಲಿ ತಿರುಗಿಸುತ್ತ, “ಕರ್ಪೂರ ಹಚ್ಚಿದ್ದಾಗೋಗಿದೆ. ಅದನ್ನ ವಾಪಸ್ ಎಂಗೆ ತಗೊಳ್ಳಲಿ, ನೀವೇ ಹೇಳಿ” ಎಂದ. ಅಳಿಯ ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹೀಗೆ ಈ ವರ್ಷದ ರಾಜ್ಯೋತ್ಸವ ಬಂತು. ಮಂಜುಶ್ರೀಗೆ ಒಂಬತ್ತು ತುಂಬುವುದರಲ್ಲಿತ್ತು. ಕೊಂಡಸಂದ್ರ ಇವತ್ತು ಗೆದ್ದರೆ ಮಗಳು ತವರಿಗೆ ಬರುತ್ತಾಳೆ, ಬೈಲಪಾಳ್ಯ ಗೆದ್ದರೆ ಇಲ್ಲ. ಲೆಕ್ಕ ಇಷ್ಟೇ. ಹುಟ್ಟಿದಾಗಿನಿಂದ ಕೊಂಡಸಂದ್ರದ ಹೆಸರು ಕೇಳಿದರೆ ಉಗುಳುತ್ತಿದ್ದ ನರಸಿಂಹಯ್ಯ ಅವತ್ತು ಸ್ನಾನ ಮಾಡಿ ಕೊಂಡಸಂದ್ರದ ಮುನೇಶ್ವರನಿಗೆ ಮನಸ್ಸಿನಲ್ಲೇ ಕೈ ಮುಗಿದ. ಆಮೇಲೆ ತನ್ನೂರಿನ ದೇವರಿಗೆ ಬೇಜಾರಾದೀತೆಂದು ಅವನಿಗೂ ಮುಗಿದ.

ಲಿಖಿತ್ ಬಾಗಿಲಲ್ಲಿ ಕೂತು ಮಂಡಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದ. ಅಪ್ಪ ಅವನ ಮುಂದೆ ಹೋಗಿ ನಿಂತ, ಕೆಮ್ಮಿದ, ಆಕಾಶ ನೋಡಿದ.

“ಸೋತ್ಬಿಡು ಅಂತ ಹೇಳಕ್ಕೆ ಬಂದಿದ್ದೀಯಾ ಅಪ್ಪ?” ಎಂದ ಲಿಖಿತ್, ತಲೆಯೆತ್ತದೆ.

“ಅಂಗಲ್ಲ ಕಣೋ…”

“ಅವಳು ನಂಗೂ ಅಕ್ಕ ಅಲ್ವಾ? ನಾನೂ ರಾತ್ರಿಯೆಲ್ಲ ಅದನ್ನೇ ಯೋಚ್ನೆ ಮಾಡಿದ್ದೀನಿ. ಆದ್ರೆ ಜೊತೇಲಿ ಆರು ಜನ ಆಡ್ತಾರೆ, ಅವ್ರಿಗೆ ಏನ್ ಹೇಳ್ಲಿ? ನಾನು ಬಿಟ್ಕೊಟ್ಟೆ ಅಂತ ಬಾವಂಗೆ ಗೊತ್ತಾದ್ರೆ ಅವ್ರು ಆ ಗೆಲುವನ್ನ ಮುಟ್ಟಲ್ಲ. ಆಗ ಅದೂ ಹೋಯ್ತು, ಇದೂ ಹೋಯ್ತು.” ಪಟ್ಟಿಯ ಗಂಟು ಬಿಗಿದು ಎದ್ದ. “ಬಾವ ಚೆನ್ನಾಗ್ ಆಡ್ಲಿ ಅಂತ ಬೇಡ್ಕೋ ಅಪ್ಪ. ನಮ್ಮ ಕೈಲಿ ಇನ್ನೇನೂ ಇಲ್ಲ.”

ಮೈದಾನದ ಸುತ್ತ ಜನ, ಪಕ್ಕದ ಮಾಳಿಗೆಗಳ ಮೇಲೆ ಜನ. ಮಣ್ಣಿಗೆ ನೀರು ಹೊಡೆದು, ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿದ್ದರು. ಮೈಕಿನ ಮೇಜು ಮಧ್ಯದ ಗೆರೆಯ ತುದಿಗೆ. ರೆಫರಿಯಾಗಿ ಹಾವೇರಿ ಕಡೆಯ ಪಿ.ಟಿ. ಮೇಷ್ಟ್ರು ದ್ಯಾಮಣ್ಣನನ್ನು ಕರೆಸಿದ್ದರು. ಎರಡೂ ಊರಿಗೆ ಸೇರದವನು, ಎರಡೂ ಊರಿನ ಬೈಗುಳವನ್ನು ಸಮವಾಗಿ ತಿನ್ನಬಲ್ಲವನು. ನರಸಿಂಹಯ್ಯ ಇವತ್ತು ಬರೀ ಹೆಸರು ಮತ್ತು ಪಾಯಿಂಟು, ಅದರಾಚೆ ಒಂದಕ್ಷರ ಆಡುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟು ಬಂದಿದ್ದ.

ಮೊದಲರ್ಧ ಹಾಗೇ ನಡೆಸಿದ. “ಲಿಖಿತ್ ರೈಡು. ಒಂದು ಪಾಯಿಂಟು. ಪ್ರಸನ್ನ ಹಿಡಿತ. ಒಂದು ಪಾಯಿಂಟು.” ಜನಕ್ಕೆ ತಡೆಯಲಾಗಲಿಲ್ಲ. “ಏನ್ ಮೈಕಣ್ಣಾ, ರೇಷನ್ ಅಂಗ್ಡೀಲಿ ಹೆಸ್ರು ಕೂಗ್ದಂಗೆ ಕೂಗ್ತೀಯಾ!” ಎಂದು ಮಾಳಿಗೆಯಿಂದ ಒಬ್ಬ ಕಿರುಚಿದ. ನರಸಿಂಹಯ್ಯ ತುಟಿ ಕಚ್ಚಿಕೊಂಡ.

ಆದರೆ ಆಟ ಅಂಥ ಆಟ. ಒಬ್ಬರು ಎರಡು ಪಾಯಿಂಟು ಮುಂದೆ ಹೋದರೆ ಇನ್ನೊಬ್ಬರು ಅಷ್ಟರಲ್ಲೇ ಹಿಡಿದುಬಿಡುತ್ತಿದ್ದರು. ದ್ವಿತೀಯಾರ್ಧಕ್ಕೆ ನಾಲಿಗೆ ಹಗ್ಗ ಕಿತ್ತುಕೊಂಡ ಕರುವಾಯಿತು. ದನಿ ಏರಿತು, ಮಾತು ಹರಿಯಿತು, ಜನ ಕುಣಿದರು. ಒಳಗೆ ಮಾತ್ರ ಬೇರೆಯೇ ನಡೆಯುತ್ತಿತ್ತು. ಕೊಂಡಸಂದ್ರ ಪಾಯಿಂಟು ಗಳಿಸಿದಾಗ ಎದೆ ಹಗುರಾಗುತ್ತಿತ್ತು, ಹಗುರಾಯಿತಲ್ಲ ಎಂದು ನಾಚಿಕೆಯಾಗುತ್ತಿತ್ತು. ಪ್ರಸನ್ನ ಒಮ್ಮೆ ಲಿಖಿತನ ಕಾಲು ಹಿಡಿದು ಕೆಡವಿದ. ಔಟಾದವನು ತನ್ನವರು ಪಾಯಿಂಟು ತರುವವರೆಗೆ ಅಂಕಣದಾಚೆ ಕೂರಬೇಕು. ಮಗ ಮೊಣಕಾಲು ತಬ್ಬಿಕೊಂಡು ಹೊರಗೆ ಕೂತದ್ದನ್ನು ನೋಡಿ, ದೇವರೇ, ಇವನು ಅಲ್ಲೇ ಕೂತಿರಲಿ ಎಂದುಕೊಂಡ. ಯಾವ ಅಪ್ಪ ಹಾಗೆ ಬೇಡಿಕೊಂಡಾನು? ಬೇಡಿಕೊಂಡದ್ದೂ ದೇವರಿಗೆ ಕೇಳಿಸಲಿಲ್ಲ. ಬೈಲಪಾಳ್ಯದ ಇನ್ನೊಬ್ಬ ಹುಡುಗ ಒಬ್ಬನನ್ನು ಮುಟ್ಟಿ ಬಂದ, ಲಿಖಿತ್ ಮತ್ತೆ ಒಳಗೆ ಬಂದ.

ಕೊನೆಯ ರೈಡಿಗೆ ಕೊಂಡಸಂದ್ರ ಮೂವತ್ತೊಂದು, ಬೈಲಪಾಳ್ಯ ಮೂವತ್ತು. ರೈಡು ಬೈಲಪಾಳ್ಯದ್ದು. ಹೋದವನು ಬರಿಗೈಲಿ ಬಂದರೂ, ಸಿಕ್ಕಿಬಿದ್ದರೂ ಕೊಂಡಸಂದ್ರಕ್ಕೆ ಗೆಲುವು. ಬೇರೆ ಯಾರನ್ನಾದರೂ ಕಳಿಸಬಾರದೇ ಎಂದು ನರಸಿಂಹಯ್ಯ ನೋಡಿದ. ಇಡೀ ಊರು ಲಿಖಿತ್ ಲಿಖಿತ್ ಎಂದು ಒಂದೇ ಉಸಿರಲ್ಲಿ ಕೂಗುತ್ತಿತ್ತು. ಲಿಖಿತ್ ಗೆರೆ ಮುಟ್ಟಿ ನಮಸ್ಕರಿಸಿ ಒಳಗೆ ಹೋದ.

“ಹೋದ ನೋಡ್ರಪ್ಪಾ ಲಿಖಿತ್! ಬಲಕ್ಕೆ ತೋರಿಸ್ದ, ಎಡಕ್ಕೆ ಬಂದ! ಎಡ ಮೂಲೇಲಿ ಪ್ರಸನ್ನ ಕಾಯ್ತಾವ್ರೆ, ಬೆಕ್ಕು ಕಾದಂಗೆ ಕಾಯ್ತಾವ್ರೆ! ಕಾಲು ಚಾಚ್ದ, ಹಿಡಿದ್ರು! ಪ್ರಸನ್ನ ಪಾದ ಹಿಡಿದ್ರು!” ಹಿಡಿದದ್ದೇ ಇನ್ನಿಬ್ಬರು ಸೊಂಟಕ್ಕೂ ಬೆನ್ನಿಗೂ ಬಿದ್ದರು. ಲಿಖಿತ್ ನೆಲಕ್ಕೆ ಬಿದ್ದ. ನರಸಿಂಹಯ್ಯನ ಎದೆ ತುಂಬಿ ಬಂತು. ಮುಗಿಯಿತು, ಮಗಳು ಬಂದಳು, ಅವಳು ಮಲಗುವ ಕೋಣೆಯ ಕಿಟಕಿಗೆ ಗಾಳಿ ಬಾರದಂತೆ ಏನಾದರೂ ಕಟ್ಟಬೇಕು ಎಂದು ಕೂಡ ಆ ಗಳಿಗೆಯಲ್ಲಿ ಯೋಚಿಸಿಬಿಟ್ಟ. ಅಷ್ಟರಲ್ಲಿ ಮೂರು ಜನರ ರಾಶಿಯ ಅಡಿಯಿಂದ, ಮೇಜಿನ ಕಡೆಗೆ, ಒಂದು ಕೈ ಹೊರಬಂತು. ತೆವಳಿತು, ಚಾಚಿತು, ಬೆರಳ ತುದಿ ಮಧ್ಯದ ಸುಣ್ಣದ ಗೆರೆಯ ಮೇಲೆ ಬಿತ್ತು.

“ಮುಟ್ಟಿದ! ಲಿಖಿತ್ ಗೆರೆ ಮುಟ್ಟಿದ!”

ನಾಲ್ಕು ಕಂಬದ ಹಾರ್ನುಗಳೂ ಅದನ್ನೇ ಕೂಗಿದವು. ತನ್ನದೇ ದನಿ ತನ್ನ ಕಿವಿಗೆ ಬಿದ್ದ ಮೇಲೆ ನರಸಿಂಹಯ್ಯನಿಗೆ ತಾನೇನು ಹೇಳಿದೆನೆಂದು ತಿಳಿಯಿತು. ಅದೇ ಹೊತ್ತಿಗೆ ಆಚೆ ಬದಿಯಲ್ಲಿದ್ದ ದ್ಯಾಮಣ್ಣ ಸೀಟಿ ಊದಿ, ಕೈಯನ್ನು ಕೊಂಡಸಂದ್ರದ ಕಡೆಗೆ ಎತ್ತಿದ. ರಾಶಿಯ ಹಿಂದಿದ್ದವನಿಗೆ ಕೈ ಕಂಡಿರಲಿಲ್ಲ.

ಆಮೇಲಿನ ಗದ್ದಲ ಕೇಳಬೇಡಿ. ಹಿಡಿದಾಗ ಗೆರೆ ಮುಟ್ಟಿದ್ದರೆ ಹಿಡಿದ ಮೂವರೂ ಔಟು, ಬೈಲಪಾಳ್ಯಕ್ಕೆ ಮೂರು ಪಾಯಿಂಟು. ಮುಟ್ಟದಿದ್ದರೆ ಕಪ್ಪು ಕೊಂಡಸಂದ್ರಕ್ಕೆ. ಎರಡೂ ಊರು ಅಂಕಣಕ್ಕೆ ನುಗ್ಗಿದವು. ದ್ಯಾಮಣ್ಣನ ನೆರವಿಗೆಂದು ಗೆರೆಯ ಆಚೆ ತುದಿಗಿದ್ದ ಅಂಪೈರ್ ತನಗೆ ಕಾಣಿಸಲಿಲ್ಲವೆಂದ. ಜನರ ಕಾಲಡಿ ಸಿಕ್ಕಿ ಗೆರೆಯೂ ಅಳಿಸಿಹೋಯಿತು. ದ್ಯಾಮಣ್ಣ ಬೆವರೊರೆಸಿಕೊಳ್ಳುತ್ತ ಮೇಜಿನ ಬಳಿ ಬಂದ, ಹಿಂದೆ ಎರಡೂ ತಂಡದ ಹುಡುಗರು.

“ಮೈಕ್‌ನ್ಯಾಗ ಮುಟ್ಟಿದ ಅಂತ ಒದರಿದ್ರಿ. ಖರೇ ನೋಡೀರೇನ್ರಿ? ನೀವು ಹೇಳಿದ್ದಕ್ಕ ಎರಡೂ ಊರಾಗ ಮರ್ಯಾದಿ ಐತಿ ಅಂತಾರ. ನೋಡೀನಿ ಅಂದ್ರ ನಾ ತೀರ್ಪು ಬದಲು ಮಾಡ್ತೀನಿ.”

ನರಸಿಂಹಯ್ಯ ಮೈಕನ್ನು ಮೇಜಿನ ಮೇಲಿಟ್ಟ. ಲಿಖಿತನ ಕಡೆ ನೋಡಿದ. ಲಿಖಿತ್ ನೆಲದ ಮೇಲೇ ಕೂತಿದ್ದ. ಅವನ ತಂಡದವರೆಲ್ಲ ‘ಮುಟ್ಟಿದ, ಮುಟ್ಟಿದ’ ಎಂದು ಅರಚುತ್ತಿದ್ದರೆ ಅವನೊಬ್ಬನೇ ಬಾಯಿಬಿಟ್ಟಿರಲಿಲ್ಲ. ಬಲಗೈಯನ್ನು ಮುಷ್ಟಿ ಕಟ್ಟಿ ತೊಡೆಯ ಕೆಳಗೆ ಇಟ್ಟುಕೊಂಡಿದ್ದ. ಅಪ್ಪನಿಗೆ ಅರ್ಥವಾಯಿತು.

“ಇಲ್ಲ ಸಾರ್,” ಎಂದ ನರಸಿಂಹಯ್ಯ. ಪ್ರೆಸ್ ಶಾಪಿನ ದನಿ ಅಲ್ಲ, ಯಾರದ್ದೋ ದನಿ. “ಬಾಯಿಗೆ ಬಂದಂಗೆ ಕೂಗ್ಬುಟ್ಟೆ. ಸರಿಯಾಗಿ ಕಾಣಿಸ್ಲಿಲ್ಲ.”

ಬೈಲಪಾಳ್ಯದವರು ಹೌಹಾರಿದರು. “ಥೂ, ಅಳಿಯನ ಕಡೆ ಸೇರ್ಕೊಂಡ ನೋಡೋ!” ಎಂದು ಯಾರೋ ಅಂದೇಬಿಟ್ಟರು. ಅದೂ ಅವನಿಗೆ ಹಿತವಾಗಿಯೇ ಕೇಳಿಸಿತು. ಅನ್ನಲಿ, ಉಗಿಯಲಿ, ನಾಳೆಯಿಂದ ಮೈಕು ಕಿತ್ತುಕೊಳ್ಳಲಿ. ದ್ಯಾಮಣ್ಣ ಹಾಗಾದರೆ ಸರಿ ಎಂದು ಸೀಟಿಯನ್ನು ಬಾಯಿಗಿಟ್ಟ.

“ಒಂದ್ ನಿಮಿಷ ಸಾರ್.”

ಪ್ರಸನ್ನ ಜನರನ್ನು ಸರಿಸಿಕೊಂಡು ಬಂದ. ಮುಖವೆಲ್ಲ ಮಣ್ಣು. ಮಾವನ ಎದುರು ನಿಂತು ಮೆಲ್ಲಗೆ, “ಮೈಕಲ್ಲಿ ಒಂದು, ಮೈಕ್ ಬಿಟ್ಟು ಒಂದು ಹೇಳ್ಬೇಡಿ ಮಾವ” ಎಂದ. ಆಮೇಲೆ ಬಗ್ಗಿ ಲಿಖಿತನ ಮುಂಗೈ ಹಿಡಿದ.

“ಬಿಡು ಬಾವ, ಏನಿಲ್ಲ,” ಎಂದ ಲಿಖಿತ್.

“ಬಿಚ್ಚೋ.”

“ಅಕ್ಕನ್ನ ನೆನಸ್ಕೋ ಬಾವ. ಬಿಡು.”

ಪ್ರಸನ್ನ ಬಿಡಲಿಲ್ಲ. ಬೆರಳನ್ನು ಒಂದೊಂದಾಗಿ ಬಿಡಿಸಿದ. ಬೆರಳ ತುದಿಗಳಲ್ಲಿ ಸುಣ್ಣ ಅಂಟಿತ್ತು. ಆ ಕೈಯನ್ನು ದ್ಯಾಮಣ್ಣನ ಮುಖದೆದುರು ಎತ್ತಿ ಹಿಡಿದು, “ನೋಡ್ಕೊಳ್ಳಿ ಸಾರ್. ನನ್ನ ಕಣ್ಮುಂದೇನೇ ಮುಟ್ಟಿದ್ದು” ಎಂದ.

ಬೈಲಪಾಳ್ಯ ಮೂವತ್ಮೂರು, ಕೊಂಡಸಂದ್ರ ಮೂವತ್ತೊಂದು. ಪಟಾಕಿ ಸಿಡಿದವು, ತಮಟೆ ಶುರುವಾಯಿತು. ಆ ಸದ್ದಿನ ನಡುವೆ ಪ್ರಸನ್ನ ಮಾವನ ಹತ್ತಿರ ಬಾಗಿ, “ಇಂಗೆ ಗೆದ್ರೆ ಅದು ಗೆದ್ದಂಗಲ್ಲ ಮಾವ. ಮುನೇಶ್ವರನ ಮುಂದೆ ಹೋಗಿ ಗೆದ್ದೆ ಅಂತ ಸುಳ್ಳು ಹೇಳಿ, ಆ ಸುಳ್ಳನ್ನ ನನ್ನ ಕೂಸಿನ ತಲೆ ಮೇಲೆ ಇಡಕ್ಕೆ ನನ್ ಕೈಲಿ ಆಗಲ್ಲ” ಎಂದ. ಅವನ ಕಣ್ಣಲ್ಲಿ ನೀರಿತ್ತು. ಒರೆಸಿಕೊಂಡರೆ ಮಣ್ಣು ಇನ್ನಷ್ಟು ಮೆತ್ತಿತು. ಇಂಥ ಅಳಿಯನನ್ನು ಹುಡುಕಿ ತಂದೆನಲ್ಲ ಎಂದು ಹೆಮ್ಮೆ ಪಡಬೇಕೋ, ಹಣೆ ಚಚ್ಚಿಕೊಳ್ಳಬೇಕೋ ನರಸಿಂಹಯ್ಯನಿಗೆ ತಿಳಿಯಲಿಲ್ಲ.

ಹುಡುಗರು ಲಿಖಿತನನ್ನು ಹೆಗಲ ಮೇಲೆ ಹೊತ್ತು ಮೇಜಿನ ಮುಂದೆ ಹಾದರು. ಅವನು ಮೇಲಿಂದಲೇ ಬಗ್ಗಿ, “ಕೈ ತಾನಾಗೇ ಹೋಯ್ತು ಕಣಪ್ಪ. ಬೇಡ ಬೇಡ ಅಂತಾನೇ ಇದ್ದೆ” ಎಂದ. “ನನ್ ಬಾಯಿನೂ ಅಷ್ಟೇ ಕಣೋ” ಎಂದ ಅಪ್ಪ. ತಮಟೆಯಲ್ಲಿ ಅದು ಮಗನಿಗೆ ಕೇಳಿಸಿತೋ ಇಲ್ಲವೋ.

ಆಗ ಜೇಬಿನಲ್ಲಿ ಫೋನು ಅದುರಿತು. ಮಂಜುಶ್ರೀ. ಅವನು ಮೇಜಿನ ಹಿಂದೆ ಸರಿದು ಕಿವಿಗಿಟ್ಟುಕೊಂಡ.

“ಇಲ್ಲಿ ನಮ್ಮನೆ ಮಾಳಿಗೆ ಮೇಲೆ ನಿಂತ್ಕೊಂಡಿದ್ದೆ ಅಪ್ಪ,” ಎಂದಳು. “ಎಲ್ಲ ಕೇಳಿಸ್ತು. ಮುಟ್ಟಿದ ಅಂತ ನೀನು ಕೂಗಿದ್ದೂ ಕೇಳಿಸ್ತು.”

“ಮಗಳೇ…” ಎಂದ.

“ಬೆಳಿಗ್ಗೆನೇ ಬ್ಯಾಗ್ ತುಂಬಿ ಇಟ್ಟಿದ್ದೆ. ಅವರಿಗೂ ಹೇಳಿರ್ಲಿಲ್ಲ. ಈಗ ಕೆಳಗೆ ಬಂದು ಬಟ್ಟೆ ತೆಗ್ದು ಬೀರುಗೆ ಇಡ್ತಾ ಇದ್ದೀನಿ.” ಆಮೇಲೆ ಅವಳೇ, “ನೀನು ಅಳ್ಬೇಡ. ಅಮ್ಮಂಗೆ ನೀನೇ ಹೇಳು, ನನ್ ಕೈಲಿ ಆಗಲ್ಲ. ಇನ್ನೊಂದು ಮಾತು ಅಪ್ಪ. ಎರಡನೇ ಬಹುಮಾನಕ್ಕೆ ಅವರನ್ನ ಕರೀತೀಯಲ್ಲ, ಹೆಸರು ಚೆನ್ನಾಗಿ ಕೂಗು. ಹಿಂದೆ ಮುಂದೆ ಏನೂ ಸೇರಿಸ್ಬೇಡ. ಬರೀ ಹೆಸರು” ಎಂದಳು.

ಆಯಿತು ಎಂದು ತಲೆಯಾಡಿಸಿದ, ಫೋನಿನಲ್ಲಿ ಅದು ಕಾಣುವುದಿಲ್ಲ ಎನ್ನುವುದು ಮರೆತು.

ವೇದಿಕೆಯವರು ಸನ್ನೆ ಮಾಡಿದರು. ನರಸಿಂಹಯ್ಯ ಮೈಕು ಎತ್ತಿಕೊಂಡ. ಧಡ್ ಧಡ್ ಯಂತ್ರಗಳ ಮೇಲೆ ಕೂಗಿ ಗೆದ್ದ ಗಂಟಲು ಅವತ್ತು ಮೊದಲ ಸಲ ಕೈಕೊಟ್ಟಿತು. ಬಾಯಿ ತೆರೆದರೆ ಗಾಳಿ ಬಂತು. ಜನ ತಮಟೆ ನಿಲ್ಲಿಸಿ ಇತ್ತ ನೋಡಿದರು. ಎರಡನೆಯ ಸಲಕ್ಕೆ, “ಕೊಂಡಸಂದ್ರದ ನಾಯಕರು… ಪ್ರಸನ್ನ ಅವರು” ಎಂದ. ಅದಕ್ಕಿಂತ ಒಂದಕ್ಷರ ಹೆಚ್ಚು ಆಡಲಿಲ್ಲ. ಪ್ರಸನ್ನ ಮೆಟ್ಟಿಲು ಹತ್ತಿ ಬಂದು ಕಪ್ಪು ತೆಗೆದುಕೊಂಡ, ಮಾವನ ಕಡೆಗೆ ತಿರುಗಿ ಕೈ ಮುಗಿದ, ಇಳಿದು ಹೋಗಿ ತನ್ನೂರಿನ ಟೆಂಪೊ ಹತ್ತಿದ. ಟೆಂಪೊ ತುಮಕೂರು ರಸ್ತೆಯ ಕಡೆಗೆ ತಿರುಗಿತು.

ಇನ್ನು ಗೆದ್ದ ತಂಡದ ನಾಯಕನನ್ನು ಕರೆಯಬೇಕಿತ್ತು. ಊರೆಲ್ಲ ಉಸಿರು ಬಿಗಿ ಹಿಡಿದು ಕಾಯುತ್ತಿತ್ತು. ನರಸಿಂಹಯ್ಯ ಮಗನ ಹೆಸರನ್ನೂ ಕೂಗಿದ.